ಬಚ್ಚಲಿನಿಂದ ಶುರುವಾದ ಚಿಕಿತ್ಸೆ

ನಮ್ಮ ಕಡೆ ತೊಗರಿ ರಾಶಿ ಮುಗಿದ ಮೇಲೆ ಹೊಲದಲ್ಲಿ ಕಟ್ಟಿಗೆ ಉಳಿಯುತ್ತದೆ. ಅದನ್ನು ಹೊರೆ ಕಟ್ಟಿ ತಂದು ಹಿತ್ತಲಲ್ಲಿ ಒಟ್ಟಿದರೆ ವರ್ಷವಿಡೀ ಒಲೆಗೆ ಚಿಂತೆಯಿಲ್ಲ. ಆಳಂದ ತಾಲ್ಲೂಕಿನ ನಮ್ಮ ಹಳ್ಳಿಮನೆಯಲ್ಲಿ ಅವ್ವ ನಲವತ್ತೈದು ವರ್ಷ ಆ ತೊಗರಿಕಟ್ಟಿಗೆ ಉರಿಸಿಯೇ ರೊಟ್ಟಿ ಬಡಿದಳು. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮಣ್ಣಿನ ಮಾಳಿಗೆಗೆ ಕೊರೆದ ಬೆಳಕಿಂಡಿಯೊಂದೇ ಹೊಗೆ ಹೊರಗೆ ಹೋಗುವ ದಾರಿ. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾದರೆ ಊದುಗೊಳವೆ ಹಿಡಿದು ಮುಖವನ್ನು ಒಲೆಯ ಬಾಯಿಗೇ ಕೊಟ್ಟು ಕೂಡುತ್ತಿದ್ದಳು. ಗ್ಯಾಸ್ ಬಂದ ಮೇಲೂ ಚಹಾಕ್ಕೆ ಮಾತ್ರ ಗ್ಯಾಸ್, ರೊಟ್ಟಿಗೆ ಒಲೆಯೇ. ಗ್ಯಾಸಿನ ಮೇಲಿನ ರೊಟ್ಟಿಗೆ ರುಚಿಯಿಲ್ಲ ಎನ್ನುತ್ತಿದ್ದವರು ನಾವು, ತಿನ್ನುವವರು.

2017ರಲ್ಲಿ ಕೆಮ್ಮು, ದಮ್ಮು ಹೆಚ್ಚಾಗಿ ಕಲಬುರಗಿಗೆ ಕರೆತಂದಾಗ, ಯಂತ್ರಕ್ಕೆ ಜೋಡಿಸಿದ ಕೊಳವೆಯೊಳಗೆ ಜೋರಾಗಿ ಊದಿಸಿ ಪರೀಕ್ಷೆ ಮಾಡಿದರು. ಬೀಡಿ ಸೇದುತ್ತಾರೆಯೇ ಎಂದು ಡಾಕ್ಟರು ಮೊದಲು ಕೇಳಿದರು. ಇಲ್ಲ ಎಂದಾಗ ಅವರು ಕೇಳಿದ ಎರಡನೆಯ ಪ್ರಶ್ನೆ: ಮನೆಯಲ್ಲಿ ಒಲೆ ಯಾವುದು? ಕಾಯಿಲೆಯ ಹೆಸರು ಸಿಒಪಿಡಿ. ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬಾರದೆ ಎದೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹಳೆಯ ಗಾಳಿ ಹೊರಗೆ ಹೋಗದ ಹೊರತು ಹೊಸ ಗಾಳಿಗೆ ಜಾಗವಿಲ್ಲ. ಇದು ವಾಸಿಯಾಗುವ ಕಾಯಿಲೆಯಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳುವ ಕಾಯಿಲೆ. ಬಾಯಿಗೆ ಎಳೆದುಕೊಳ್ಳುವ ಪಂಪು ಕೊಟ್ಟರು. ಅದರಿಂದ ಐದಾರು ವರ್ಷ ಅವ್ವ ಹೇಗೋ ನಡೆಸಿದಳು.

2023ರಲ್ಲಿ ಅವಳನ್ನು ನಮ್ಮ ಕಲಬುರಗಿಯ ಮನೆಗೆ ಕರೆದುಕೊಂಡು ಬಂದೆ. ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ. ಒಂದು ವರ್ಷದೊಳಗೆ ಮೂರು ಸಲ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರನೆಯ ಸಲ, 2024ರ ಜೂನ್‌ನಲ್ಲಿ, ತೀವ್ರ ನಿಗಾ ಘಟಕದಲ್ಲಿ ಒಂಬತ್ತು ದಿನ ಇದ್ದಳು. ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿ ಯಂತ್ರದಿಂದ ಗಾಳಿ ನೂಕುತ್ತಿದ್ದರು. ಅವ್ವ ಅದನ್ನು ಕಿತ್ತು ಹಾಕುತ್ತಾಳೆಂದು ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ದಿನಕ್ಕೆ ಹತ್ತು ನಿಮಿಷ ಮಾತ್ರ ಒಳಗೆ ಬಿಡುತ್ತಿದ್ದರು. ಆ ಹತ್ತು ನಿಮಿಷ ನಾನು ಅವಳ ಮಣಿಕಟ್ಟಿನ ಗಂಟನ್ನು ಸಡಿಲಿಸುವುದು, ಹೊರಡುವಾಗ ನರ್ಸ್ ಮತ್ತೆ ಬಿಗಿಯುವುದು. ಎರಡು ಎಕರೆ ತೊಗರಿಯ ದುಡ್ಡು ಆ ಒಂಬತ್ತು ದಿನಗಳಲ್ಲಿ ಹೋಯಿತು. ಬಿಡುಗಡೆಯ ದಿನ ಡಾಕ್ಟರು ಕಡತದಿಂದ ತಲೆ ಎತ್ತದೆ ಹೇಳಿದರು: “ಇನ್ನು ಮಾಡುವುದೇನೂ ಇಲ್ಲ. ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಳ್ಳಿ. ಮತ್ತೆ ಹೆಚ್ಚಾದರೆ ಕರೆದುಕೊಂಡು ಬನ್ನಿ.”

ಮಾಡುವುದೇನೂ ಇಲ್ಲ ಎಂಬ ಆ ಮಾತನ್ನು ನಾನು ನಂಬಿದ್ದೆ. ಒಂದು ತಿಂಗಳು ಅದನ್ನೇ ನಂಬಿಕೊಂಡು ಅವ್ವನ ಮಂಚದ ಪಕ್ಕ ಕೂತೆ. ಅದು ತಪ್ಪು ಮಾತು. ಮಾಡುವುದು ಬೇಕಾದಷ್ಟಿತ್ತು. ಅದು ಗೊತ್ತಿರುವವರು ಕಲಬುರಗಿಯಲ್ಲೇ ಇದ್ದರು.

ದಾರಿ ತೋರಿಸಿದವರು ನನ್ನ ಸಹೋದ್ಯೋಗಿ. ಅವರ ಹೆಂಡತಿಗೆ ಕ್ಯಾನ್ಸರ್ ಆಗಿತ್ತು. ಆಕೆಯ ಕೊನೆಯ ತಿಂಗಳುಗಳಲ್ಲಿ ಉಪಶಮನ ಆರೈಕೆಯ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ತಂಡವೊಂದು ಮನೆಗೆ ಬಂದು ನೋವಿಗೆ ಔಷಧ ಕೊಟ್ಟಿತ್ತು. ಪ್ಯಾಲಿಯೇಟಿವ್ ಕೇರ್ ಎಂಬ ಹೆಸರನ್ನು ನಾನೂ ಕೇಳಿದ್ದೆ. ಆದರೆ ಅದು ಕ್ಯಾನ್ಸರ್ ರೋಗಿಗಳಿಗೆ, ಅದೂ ಕೊನೆಯ ನಾಲ್ಕು ದಿನಕ್ಕೆ ಎಂದುಕೊಂಡಿದ್ದೆ. ಕಿದ್ವಾಯಿ ಸಂಸ್ಥೆಯ ಘಟಕ ಕಲಬುರಗಿಯಲ್ಲೇ ಇರುವುದರಿಂದ ಕ್ಯಾನ್ಸರ್ ಆದವರ ಮನೆಯವರಿಗೆ ಈ ಮಾತುಗಳ ಪರಿಚಯವಾದರೂ ಇರುತ್ತದೆ. ದಮ್ಮಿನವರಿಗೆ, ಹೃದಯ ಸೋತವರಿಗೆ, ಕಿಡ್ನಿ ಕೆಟ್ಟವರಿಗೆ, ಲಕ್ವ ಹೊಡೆದು ಮಲಗಿದವರಿಗೆ ಇದನ್ನು ಯಾರೂ ಹೇಳುವುದಿಲ್ಲ. “ನಿಮ್ಮ ತಾಯಿಯನ್ನೂ ನೋಡುತ್ತಾರೆ, ಕೇಳಿ ನೋಡಿ ಸರ್” ಎಂದು ಸಹೋದ್ಯೋಗಿ ನಂಬರು ಕೊಟ್ಟರು. ನಾಲ್ಕನೆಯ ದಿನ ಒಬ್ಬ ವೈದ್ಯೆ, ಒಬ್ಬ ನರ್ಸ್ ಆಟೋದಲ್ಲಿ ಮನೆಗೆ ಬಂದರು.

ನಾನು ಕಡತಗಳ ಚೀಲ ಎದುರಿಗಿಟ್ಟೆ. ವೈದ್ಯೆ ಅದನ್ನು ಬದಿಗೆ ಸರಿಸಿ, ಅವ್ವನ ಮಂಚದ ಮೇಲೆ, ಅವಳ ಮಂಡಿಗೆ ಮಂಡಿ ತಾಗುವಂತೆ ಕೂತರು. “ಅವ್ವಾ, ನಿಮಗೆ ಎಲ್ಲಕ್ಕಿಂತ ಹೆಚ್ಚು ತ್ರಾಸ ಕೊಡುತ್ತಿರುವುದು ಯಾವುದು?” ಎಂದು ಕೇಳಿದರು. ದಮ್ಮು ಎನ್ನುತ್ತಾಳೆ ಎಂದುಕೊಂಡು ನಾನೇ ಬಾಯಿ ತೆರೆದೆ. ಅವರು ಕೈ ಎತ್ತಿ ನನ್ನನ್ನು ತಡೆದರು. ಅವ್ವ ಮೂರು ಸಲ ಉಸಿರು ತೆಗೆದುಕೊಂಡಳು. “ಡಾಕ್ಟರ್ ಬಾಯಿ, ನಾನು ತಲೆಗೆ ನೀರು ಹಾಕಿಕೊಂಡು ನಾಲ್ಕು ತಿಂಗಳಾಯಿತು” ಎಂದಳು.

ನನಗೆ ಗೊತ್ತೇ ಇರಲಿಲ್ಲ. ನನ್ನ ಹೆಂಡತಿಗೆ ಗೊತ್ತಿತ್ತು, ಅವಳು ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದಳು. ಆದರೆ ಅವ್ವನಿಗೆ ಅದು ಇಷ್ಟು ದೊಡ್ಡ ದುಃಖ ಎಂದು ಅವಳಿಗೂ ತಿಳಿದಿರಲಿಲ್ಲ. ಕೈ ತಲೆಗಿಂತ ಮೇಲೆ ಎತ್ತಿದರೆ ದಮ್ಮು, ಬಗ್ಗಿದರೆ ದಮ್ಮು, ಬಚ್ಚಲ ಬಿಸಿ ಹಬೆಗೆ ದಮ್ಮು, ಮೈ ಒರೆಸಿಕೊಳ್ಳುವಷ್ಟರಲ್ಲಿ ಕಣ್ಣು ಕತ್ತಲೆ. ಬೆಳಿಗ್ಗೆ ಜಳಕ ಮಾಡಿ ವಿಭೂತಿ ಹಚ್ಚದೆ ಎಪ್ಪತ್ತು ವರ್ಷದಲ್ಲಿ ನೀರು ಕೂಡ ಕುಡಿಯದವಳು ನಾಲ್ಕು ತಿಂಗಳು ಹಾಗೆಯೇ ಉಂಡಿದ್ದಳು.

ನರ್ಸ್ ಎದ್ದು ಹೋಗಿ ಬಚ್ಚಲು ನೋಡಿ ಬಂದರು. ಹೊರಟು ಹೋಗುವ ಮುನ್ನ ಆವತ್ತೇ ಅವ್ವನಿಗೆ ಜಳಕ ಮಾಡಿಸಿದರು. ಹೇಗೆಂದು ಬರೆಯುತ್ತೇನೆ, ಯಾರ ಮನೆಗಾದರೂ ಬೇಕಾದೀತು. ಬೆನ್ನು ಆನಿಸಲು ಬರುವ ಪ್ಲಾಸ್ಟಿಕ್ ಕುರ್ಚಿ ಬಚ್ಚಲಲ್ಲಿ, ಕಾಲಡಿಗೆ ಒರಟು ಚಾಪೆ. ಆಕ್ಸಿಜನ್ ಯಂತ್ರ ನೀರಿನಿಂದ ದೂರ, ಹೊರಗಿನ ಕೋಣೆಯಲ್ಲಿ. ಉದ್ದನೆಯ ಕೊಳವೆ ಮಾತ್ರ ಬಾಗಿಲ ಸಂದಿಯಿಂದ ಒಳಗೆ, ಮೂಗಿನಲ್ಲಿ ಕೊಳವೆ ಇಟ್ಟುಕೊಂಡೇ ಜಳಕ. ಬಾಗಿಲು ಅರ್ಧ ತೆರೆದಿರಬೇಕು, ಹಬೆ ನಿಲ್ಲಬಾರದು. ನೀರು ಉಗುರು ಬೆಚ್ಚಗೆ ಇರಬೇಕು, ಸುಡಬಾರದು. ಬಗ್ಗಿಸಬಾರದು, ಕೈ ಎತ್ತಿಸಬಾರದು, ತಲೆಗೆ ನೀರನ್ನು ನಾವೇ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಮೈ ಒರೆಸುವ ಕೆಲಸವೇ ಬೇಡ: ದಪ್ಪ ಟವೆಲಿನ ಬಟ್ಟೆಯನ್ನು ಗೌನಿನಂತೆ ಹೊಲಿಸಿ, ಒದ್ದೆ ಮೈ ಮೇಲೆಯೇ ತೊಡಿಸಿ, ಹತ್ತು ನಿಮಿಷ ಸುಮ್ಮನೆ ಕೂಡಿಸಬೇಕು. ನೀರನ್ನು ಬಟ್ಟೆಯೇ ಹೀರುತ್ತದೆ. ಆವತ್ತು ಗೌನು ಇರಲಿಲ್ಲ. ಎರಡು ದೊಡ್ಡ ಟವೆಲುಗಳನ್ನು ಭುಜದ ಮೇಲೆ ಪಿನ್ನು ಹಾಕಿ ಸೇರಿಸಿದರು. ಅವ್ವ ಕಿಟಕಿಯ ಪಕ್ಕ ಕೂತು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ವಿಭೂತಿ ಗಟ್ಟಿ ಕೇಳಿದಳು. ಚಿಕಿತ್ಸೆ ಶುರುವಾಗಿದ್ದು ಅಲ್ಲಿಂದ. ಅಲ್ಲಿಯವರೆಗೆ ನಡೆದಿದ್ದೆಲ್ಲ ಶ್ವಾಸಕೋಶದ ಚಿಕಿತ್ಸೆ.

ಮುಂದೆ ಹದಿನೈದು ದಿನಕ್ಕೊಮ್ಮೆ ಯಾರಾದರೂ ಬರುತ್ತಿದ್ದರು. ನಡುವೆ ಫೋನಿನಲ್ಲಿ ಸಿಗುತ್ತಿದ್ದರು. ಪಂಪು, ಹಬೆಯ ಔಷಧ, ಯಾವುದನ್ನೂ ಬಿಡಿಸಲಿಲ್ಲ. ಸೋಂಕಾದಾಗ ಆಂಟಿಬಯಾಟಿಕ್ ಕೊಡುವುದನ್ನೂ ನಿಲ್ಲಿಸಲಿಲ್ಲ. ಉಪಶಮನ ಆರೈಕೆ ಎಂದರೆ ಉಳಿದ ಚಿಕಿತ್ಸೆ ಬಿಟ್ಟುಬಿಡುವುದಲ್ಲ, ಅದರ ಜೊತೆಗೆ ನಡೆಯುವಂಥದ್ದು ಎಂದು ನಮ್ಮ ಮನೆಯವರಿಗೆ ಮನದಟ್ಟಾಗಲು ಎರಡು ತಿಂಗಳು ಬೇಕಾಯಿತು. ಇದು 2017ರಲ್ಲೇ ಸಿಗಬೇಕಿತ್ತು ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ಮಟ್ಟ ನೋಡುವ ಸಾಧನ ಮನೆಯಲ್ಲಿತ್ತು. ರಾತ್ರಿಯೆಲ್ಲ ಅದನ್ನೇ ನೋಡುತ್ತಾ ಕೂಡುತ್ತಿದ್ದೆ. ಒಂದು ರಾತ್ರಿ 86 ತೋರಿಸಿತು. ಗಾಬರಿಯಿಂದ ಯಂತ್ರದ ಗುಂಡಿ ತಿರುಗಿಸಿ ನಿಮಿಷಕ್ಕೆ ಒಂದೂವರೆ ಲೀಟರಿನಿಂದ ನಾಲ್ಕಕ್ಕೆ ಏರಿಸಿದೆ. ಅಂಕಿ 97ಕ್ಕೆ ಹೋಯಿತು, ನನಗೆ ನೆಮ್ಮದಿಯಾಯಿತು. ಬೆಳಿಗ್ಗೆ ನೋಡಿದರೆ ಅವ್ವ ಎಚ್ಚರಗೊಳ್ಳಲೊಲ್ಲಳು. ಕರೆದರೆ ಹೂಂ ಎನ್ನುತ್ತಾಳೆ, ಮತ್ತೆ ಮಂಪರು. ಫೋನ್ ಮಾಡಿದೆ. ನರ್ಸ್ ಕೇಳಿದ ಮೊದಲ ಮಾತು, “ಗುಂಡಿ ಮುಟ್ಟಿದಿರಾ ಸರ್?” ಸಿಒಪಿಡಿ ಬಲಿತವರಲ್ಲಿ ಆಕ್ಸಿಜನ್ ಬೇಕಾದ್ದಕ್ಕಿಂತ ಹೆಚ್ಚು ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಹಿಡಿಯುತ್ತದೆ, ಜೀವಕ್ಕೂ ಅಪಾಯ. ಅವ್ವನಿಗೆ 88ರಿಂದ 92 ಇದ್ದರೆ ಸಾಕು. ಲೀಟರು ಇಳಿಸಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟಳು. ಮುಂದಿನ ಸಲ ಬಂದಾಗ ವೈದ್ಯೆ ಆ ಬೆರಳಿನ ಸಾಧನವನ್ನು ಕಪಾಟಿನಲ್ಲಿ ಇಡಿಸಿದರು. “ಅಂಕಿ ನೋಡಬೇಡಿ, ಅವ್ವನ ಮುಖ ನೋಡಿ” ಎಂದರು.

ಮುಖ ನೋಡಲು ಕಲಿತೆವು. ದಮ್ಮು ಏರಿದಾಗ ಹುಬ್ಬು ಗಂಟಿಕ್ಕುತ್ತದೆ, ಕತ್ತಿನ ನರಗಳು ಎದ್ದು ಕಾಣುತ್ತವೆ, ಮಾತು ಎರಡೆರಡೇ ಶಬ್ದಕ್ಕೆ ಒಡೆಯುತ್ತದೆ. ಆಗ ಎದುರಿಗೆ ಮೇಜಿಟ್ಟು, ಮೇಲೆ ದಿಂಬಿಟ್ಟು, ಮುಂದಕ್ಕೆ ಬಾಗಿ ಮೊಣಕೈ ಊರಿ ಕೂಡಿಸುವುದು. ತುಟಿ ಚೂಪು ಮಾಡಿಸಿ, ಬಿಸಿ ಚಹಾ ಆರಿಸುವಂತೆ ನಿಧಾನವಾಗಿ ಗಾಳಿ ಬಿಡಿಸುವುದು. ಕೈಯಲ್ಲಿ ಹಿಡಿಯುವ ಸಣ್ಣ ಬ್ಯಾಟರಿ ಫ್ಯಾನನ್ನು ಮುಖಕ್ಕೆ, ಅದರಲ್ಲೂ ಮೂಗು, ಕೆನ್ನೆಗೆ ಗಾಳಿ ತಾಗುವಂತೆ ಹಿಡಿಯುವುದು. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವಂಥ ಫ್ಯಾನು ಏನು ಮಾಡೀತು ಎಂದು ನಾನು ಮೊದಲು ನಂಬಲಿಲ್ಲ. ಮುಖದ ಚರ್ಮಕ್ಕೆ ತಂಪು ಗಾಳಿ ತಾಗಿದರೆ ಉಸಿರು ಸಾಲದೆಂಬ ಸಂಕಟ ಮಿದುಳಿಗೆ ಕಡಿಮೆ ಅನಿಸುತ್ತದೆ ಎಂದು ವೈದ್ಯೆ ವಿವರಿಸಿದರು. ಆ ಫ್ಯಾನು ಕೊನೆಯವರೆಗೂ ಅವ್ವನ ದಿಂಬಿನ ಕೆಳಗೆ ಇತ್ತು.

ಇಷ್ಟೆಲ್ಲ ಮಾಡಿದರೂ ಸಂಜೆಯ ಹೊತ್ತು ಒಂದು ದಮ್ಮು ಬರುತ್ತಿತ್ತು, ಯಾವುದಕ್ಕೂ ಬಗ್ಗದಂಥದ್ದು. ಅದಕ್ಕೆ ವೈದ್ಯೆ ಮಾರ್ಫಿನ್ ಸೂಚಿಸಿದರು. 10 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ, ದಿನಕ್ಕೆ ಮೂರು ಸಲ.

ಊರಿಗೆ ಸುದ್ದಿ ಮುಟ್ಟಿತು. ಅಣ್ಣ ಬಸ್ಸು ಹತ್ತಿ ಬಂದ. “ಅವ್ವನಿಗೆ ಅಫೀಮು ತಿನ್ನಿಸುತ್ತೀಯಾ? ಮಂದಿ ಏನಂದಾರು?” ಎಂದು ಕಣ್ಣಲ್ಲಿ ನೀರು ತಂದ. ಅವನು ಸಿಟ್ಟಿನಿಂದ ಕೇಳಿದ್ದಲ್ಲ, ಹೆದರಿ ಕೇಳಿದ್ದು. ನನಗೂ ಒಳಗೊಳಗೆ ಅದೇ ಹೆದರಿಕೆ. ವೈದ್ಯೆ ಅಣ್ಣನನ್ನು ಎದುರಿಗೆ ಕೂಡಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ಮಾರ್ಫಿನ್ ಅಫೀಮಿನಿಂದಲೇ ಬರುವುದು, ಮುಚ್ಚಿಡುವುದೇನಿಲ್ಲ. ನಮ್ಮ ದೇಶದಲ್ಲೇ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುತ್ತಾರೆ. ಅಷ್ಟಿದ್ದೂ ನಮ್ಮ ರೋಗಿಗಳಿಗೆ ಅದು ಸಿಗದೆ ಹೋಗಿದ್ದು ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಬಿಗಿಯಿಂದ. ಹತ್ತಾರು ಪರವಾನಗಿಗಳ ಉಸಾಬರಿ ಬೇಡವೆಂದು ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟಿದ್ದವು. 2014ರಲ್ಲಿ ಕಾಯ್ದೆ ತಿದ್ದಿದ ಮೇಲೆ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇದನ್ನು ಇಟ್ಟುಕೊಂಡು ರೋಗಿಗಳಿಗೆ ಕೊಡುವುದು ಸುಲಭವಾಯಿತು. ಕೇರಳದವರು ಅದಕ್ಕೂ ಬಹಳ ಮುಂಚೆ, 1993ರಲ್ಲಿ ಕೋಯಿಕ್ಕೋಡಿನಲ್ಲಿ ಉಪಶಮನ ಆರೈಕೆ ಶುರುಮಾಡಿ, ಹಳ್ಳಿ ಹಳ್ಳಿಗೆ ಮುಟ್ಟಿಸಿದರು. ಡಾ. ಎಂ.ಆರ್. ರಾಜಗೋಪಾಲ್ ಆ ಕೆಲಸಕ್ಕೆ ಜೀವನವನ್ನೇ ಕೊಟ್ಟವರು. “ನಾವು ಕೊಡುತ್ತಿರುವುದು ತೀರಾ ಸಣ್ಣ ಪ್ರಮಾಣ ಅಣ್ಣಾ. ಚಟ ಹಿಡಿಯುವ ಮಾತಲ್ಲ. ಆದರೆ ನೀವಾಗಿಯೇ ಹೆಚ್ಚಿಸಬಾರದು, ನಿದ್ದೆ ಮಾತ್ರೆಯ ಜೊತೆ ಕೊಡಬಾರದು” ಎಂದರು ವೈದ್ಯೆ. ಅಣ್ಣ ಆ ರಾತ್ರಿ ಅಲ್ಲೇ ಉಳಿದ. ಸಂಜೆ ಏಳಕ್ಕೆ ಬರುವ ದಮ್ಮನ್ನು ಅವ್ವನ ಪಕ್ಕ ಕೂತು ಕಾದ. ದಮ್ಮು ಬಂತು, ಆದರೆ ಅವಳನ್ನು ಹೆದರಿಸಲಿಲ್ಲ. ಮಾರ್ಫಿನ್ ದಮ್ಮನ್ನು ತೆಗೆದು ಹಾಕಲಿಲ್ಲ, ಅದರ ಕಚ್ಚುವ ಹಲ್ಲನ್ನು ಮಾತ್ರ ತೆಗೆಯಿತು. ಬೆಳಿಗ್ಗೆ ಅಣ್ಣ ಏನೂ ಹೇಳದೆ, ಮಾತ್ರೆ ಇಡಲು ಸಣ್ಣದೊಂದು ಸ್ಟೀಲ್ ಡಬ್ಬಿ ತಂದುಕೊಟ್ಟು ಊರಿಗೆ ಹೋದ.

ಮಾತ್ರೆ ಕತ್ತರಿಸುವುದು ನನ್ನ ಪಾಲಿಗೆ ಬಂತು. ಸಾಸಿವೆಗಿಂತ ಸ್ವಲ್ಪ ದೊಡ್ಡ ತುಂಡುಗಳು. ಸ್ಟೀಲ್ ತಟ್ಟೆಯ ಮೇಲೆ ಹೊಸ ಬ್ಲೇಡ್ ಇಟ್ಟು ಒಮ್ಮೆಲೇ ಒತ್ತಬೇಕು, ಗರಗಸದಂತೆ ಎಳೆದರೆ ಪುಡಿಯಾಗುತ್ತದೆ. ಒಂದು ಮಾತ್ರೆಗೆ ನಾಲ್ಕು ತುಂಡು. ಪುಡಿ ಉದುರಿದ್ದರೆ ಅದನ್ನೂ ಬರೆದಿಡಬೇಕು. ಕಪಾಟಿಗೆ ಬೀಗ, ನೋಟ್‌ಬುಕ್ಕಿನಲ್ಲಿ ಲೆಕ್ಕ, ಮಾತ್ರೆಯ ಖಾಲಿ ಪಟ್ಟಿ ಹಿಂದಿರುಗಿಸಿದರೆ ಮುಂದಿನ ಪಟ್ಟಿ. ಮೊದಲ ಮೂರು ದಿನ ವಾಕರಿಕೆ ಬಂತು, ಆಮೇಲೆ ನಿಂತಿತು. ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ. ಮಾರ್ಫಿನ್ ಎಷ್ಟು ದಿನವೋ ಮಲ ಸಡಿಲಿಸುವ ಔಷಧವೂ ಅಷ್ಟು ದಿನ.

ಸಂಜೆಯ ದಮ್ಮು ಹತೋಟಿಗೆ ಬಂದ ಮೇಲೂ ಅವ್ವನಿಗೆ ನಡುರಾತ್ರಿ ಎಚ್ಚರವಾಗುತ್ತಿತ್ತು. ನರ್ಸ್ ಒಂದು ದಿನ ನಮ್ಮನ್ನೆಲ್ಲ ಹೊರಗೆ ಕಳಿಸಿ, ಅವ್ವನ ತಲೆಗೆ ಎಣ್ಣೆ ಹಚ್ಚುತ್ತಾ ಕೂತರು. ಹೊರಗೆ ಬಂದು ನನ್ನನ್ನು ಕೇಳಿದರು: “ಬೋರಮಾಳ ಎಲ್ಲಿದೆ ಸರ್?” ನನ್ನ ಎದೆ ಧಸಕ್ಕೆಂದಿತು. ಅವ್ವನ ಆ ಚಿನ್ನದ ಸರವನ್ನು ಜೂನ್‌ನಲ್ಲಿ ಆಸ್ಪತ್ರೆಯ ಬಿಲ್ಲಿಗೆಂದು ಸರಾಫ್ ಬಜಾರಿನಲ್ಲಿ ಅಡ ಇಟ್ಟಿದ್ದೆ. ಅವಳಿಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಾಗಿತ್ತು. ಅದನ್ನು ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಕೊಡುವುದಾಗಿ ಮದುವೆಯ ದಿನವೇ ಮಾತು ಕೊಟ್ಟಿದ್ದಳಂತೆ. ಸಾಯುವ ಮುನ್ನ ಮಾತು ತಪ್ಪಿದೆನಲ್ಲ ಎಂಬ ಕೊರಗು ರಾತ್ರಿ ಎದೆಯ ಮೇಲೆ ಕೂಡುತ್ತಿತ್ತು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ ಎಂಬ ಆರೈಕೆಧಾಮ ಕಟ್ಟಿದ ಸಿಸಿಲಿ ಸಾಂಡರ್ಸ್ ಇದನ್ನು ‘ಒಟ್ಟು ನೋವು’ ಎಂದು ಕರೆದರೆಂದು ಆಮೇಲೆ ವೈದ್ಯೆಯಿಂದ ತಿಳಿಯಿತು: ಮೈಯ ನೋವು, ಮನಸ್ಸಿನ ನೋವು, ಮನೆತನದ ನೋವು, ದೇವರೊಡನೆಯ ನೋವು ಬೇರೆ ಬೇರೆಯಾಗಿ ಬರುವುದಿಲ್ಲ. ಭವಿಷ್ಯ ನಿಧಿಯಿಂದ ಮುಂಗಡ ತೆಗೆದು ಬೋರಮಾಳ ಬಿಡಿಸಿಕೊಂಡು ಬಂದೆ. ವೈನಿಯನ್ನು ಕರೆಸಿದೆವು. ಅವ್ವ ತಾನೇ ಅವಳ ಕೊರಳಿಗೆ ಹಾಕಲು ಕೈ ಎತ್ತಿದಳು, ಎತ್ತಲಾಗಲಿಲ್ಲ. ವೈನಿ ನೆಲದ ಮೇಲೆ ಕೂತು ತಲೆ ಬಗ್ಗಿಸಿದಳು. ಆ ವಾರದಿಂದ ಅವ್ವ ಬೆಳಗಿನ ಐದರವರೆಗೂ ಮಲಗಿದಳು.

ಡಿಸೆಂಬರ್ 30, ಎಳ್ಳಮಾವಾಸ್ಯೆ. ಹೊಲಕ್ಕೆ ಹೋಗಬೇಕು ಎಂದಳು ಅವ್ವ. ನಾನು ಬೇಡ ಎಂದೆ, ವೈದ್ಯೆ ಹೋಗಿ ಎಂದರು! ಕ್ರೂಸರ್ ಗಾಡಿ ಮಾತಾಡಿ, ಸಿಲಿಂಡರನ್ನು ಸೀಟಿಗೆ ಹಗ್ಗದಿಂದ ಬಿಗಿದು, ಒಂದೂವರೆ ಲೀಟರಿನ ಲೆಕ್ಕದಲ್ಲಿ ಹೋಗಿಬರಲು ಸಾಕಾಗುತ್ತದೆಯೇ ಎಂದು ಗುಣಿಸಿ ಹೊರಟೆವು. ಬನ್ನಿಗಿಡದ ಕೆಳಗೆ ಕುರ್ಚಿ ಹಾಕಿದೆವು. ಪಾಂಡವರ ಪೂಜೆಗೆ ಹಚ್ಚಿದ ದೀಪ ದೂರ, ಊದಿನಕಡ್ಡಿ ಬೇಡವೇ ಬೇಡ. ಆಕ್ಸಿಜನ್ ಹತ್ತಿರ ಬೆಂಕಿ ಬರಬಾರದು. ಮನೆಯಲ್ಲೂ ಅದೇ ನಿಯಮ, ಅದಕ್ಕಾಗಿಯೇ ಅವ್ವ ಅಡುಗೆಮನೆ ಬಿಟ್ಟು ನಡುಮನೆಯಲ್ಲಿ ಪರಾತ ಇಟ್ಟುಕೊಂಡು ಹಿಟ್ಟು ನಾದಿ ಒಂದೊಂದು ರೊಟ್ಟಿ ತಟ್ಟಿ ಕಳಿಸುತ್ತಿದ್ದಳು. ಅಣ್ಣ ಚರಗ, ಅಂದರೆ ಎಡೆಯ ಅಡುಗೆ, ಚೆಲ್ಲುತ್ತಾ ಹೊಲದ ಸುತ್ತ ಹೋದ. ಅವ್ವ ಎರಡು ಚಮಚ ಭಜ್ಜಿ ಪಲ್ಯ, ಚೂರು ಸಜ್ಜೆಯ ಕಡುಬು ತಿಂದಳು. ತೊಗರಿ ಕಾಯಿ ಕಟ್ಟಿ ನಿಂತಿತ್ತು. ಈ ಸಲ ಇಳುವರಿ ಚೆನ್ನಾಗಿದೆ ಎಂದು ಮೊದಲು ಹೇಳಿದವಳೂ ಅವಳೇ.

ಜನವರಿಯ ಕೊನೆಗೆ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ಗುಣವಾಗುವ ಭರವಸೆ ಇಲ್ಲದ ರೋಗಿಗೆ ಜೀವರಕ್ಷಕ ಯಂತ್ರ ಹಾಕದಿರಲು ಅಥವಾ ತೆಗೆಯಲು ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ, 2023ರಲ್ಲಿ ಸರಳಗೊಳಿಸಿದ ತೀರ್ಪನ್ನು ಜಾರಿ ಮಾಡಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತ್ತು. ಮುಂದೆ ತನಗೆ ಮಾತಾಡುವ ಸ್ಥಿತಿ ಇಲ್ಲದಾಗ ಏನು ಬೇಕು, ಏನು ಬೇಡ ಎಂದು ಮೊದಲೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳು ಬೇಕು, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯ ದೃಢೀಕರಣ ಬೇಕು, ತನ್ನ ಪರವಾಗಿ ನಿರ್ಧರಿಸುವವರ ಹೆಸರು ಬರೆದಿರಬೇಕು. ಈ ಕಾಗದವನ್ನು ಅವ್ವನ ಮುಂದೆ ಹೇಗೆ ಇಡುವುದು? ಎರಡು ವಾರ ನನ್ನಿಂದಾಗಲಿಲ್ಲ. ಕೊನೆಗೆ ವೈದ್ಯೆ ಕೇಳಿದರು: “ಅವ್ವಾ, ಮತ್ತೆ ಜೋರಾದರೆ ಆ ದೊಡ್ಡ ಆಸ್ಪತ್ರೆಗೆ, ಆ ಮಾಸ್ಕಿಗೆ ಹೋಗೋಣವೇ?” ಅವ್ವ ಎರಡೂ ಮಣಿಕಟ್ಟುಗಳನ್ನು ಮುಂದೆ ಚಾಚಿ ತೋರಿಸಿದಳು. “ಕಟ್ಟಿಸಿಕೊಳ್ಳಲಾರೆ” ಎಂದಳು. ಎಂಟು ತಿಂಗಳಾಗಿತ್ತು. ಗುರುತು ಉಳಿದಿರಲಿಲ್ಲ.

ಹಾಗಾದರೆ ಊರಿಗೆ ಹೋಗುತ್ತೀಯಾ ಅವ್ವಾ ಎಂದು ನಾನು ಕೇಳಿದೆ. ಹಳ್ಳಿಯ ಪಡಸಾಲೆಯಲ್ಲೇ ಕಣ್ಣು ಮುಚ್ಚಬೇಕೆಂಬುದು ಅವಳ ಆಸೆ ಎಂದು ನಾನೂ ಅಣ್ಣನೂ ಎಂದೋ ತೀರ್ಮಾನಿಸಿ ಬಿಟ್ಟಿದ್ದೆವು. ಬೇಡ ಎಂದಳು. “ಊರಲ್ಲಿ ಮಂದಿ ಮಾತಾಡಿಸಲು ಬರುತ್ತಾರೆ. ಮಾತಾಡಿದರೆ ದಮ್ಮು. ಇಲ್ಲೇ ಇರುತ್ತೇನೆ. ಆಮೇಲೆ ಹೊಲಕ್ಕೆ ಒಯ್ಯಿರಿ, ನಿಮ್ಮಪ್ಪನ ಪಕ್ಕ.” ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ಪತ್ರಾಂಕಿತ ಅಧಿಕಾರಿ. ಒಂದು ಭಾನುವಾರ ಮೊಹರು ಹಿಡಿದುಕೊಂಡು ಮನೆಗೇ ಬಂದರು. ಪಕ್ಕದ ಮನೆಯವರೊಬ್ಬರು, ನನ್ನ ಆ ಸಹೋದ್ಯೋಗಿ ಸಾಕ್ಷಿ. ಓದಿ ಹೇಳಿದೆ, ಮುಖ್ಯೋಪಾಧ್ಯಾಯರು ಮತ್ತೊಮ್ಮೆ ಓದಿ ಹೇಳಿದರು. ರೊಟ್ಟಿ ತಟ್ಟಿ ಸವೆದ ಹೆಬ್ಬೆರಳಿನ ಗೆರೆಗಳು ಕಾಗದದ ಮೇಲೆ ಮೂಡಲಿಲ್ಲ, ಬರೀ ನೀಲಿ ಮಚ್ಚೆ. ಎರಡನೆಯ ಸಲ ಮೆಲ್ಲಗೆ ಒತ್ತಿಸಿದಾಗ ಗೆರೆಗಳು ಬಂದವು. ಅವ್ವ ಬೆರಳು ಒರೆಸಿಕೊಂಡು, ಸರ್‌ಗೆ ಚಹಾ ಕೊಟ್ಟಿರೇನು ಎಂದು ಸೊಸೆಯನ್ನು ಕೇಳಿದಳು.

ಬೇಸಿಗೆ ಕಷ್ಟವಾಯಿತು. ಕಲಬುರಗಿಯ ಮೇ ತಿಂಗಳ ಬಿಸಿಲು ಆರೋಗ್ಯವಂತರನ್ನೇ ಬಿಡುವುದಿಲ್ಲ. ಕರೆಂಟ್ ಹೋದಾಗ ಸಿಲಿಂಡರಿಗೆ ಬದಲಾಯಿಸುವುದು, ಬಂದಾಗ ಯಂತ್ರಕ್ಕೆ ತಿರುಗಿಸುವುದು, ರಾತ್ರಿ ಮೂರು ಸಲ. ಅದನ್ನು ಹೆಚ್ಚು ಮಾಡಿದವಳು ನನ್ನ ಹೆಂಡತಿ. ನಾನು ಬೆಳಿಗ್ಗೆ ಶಾಲೆಯ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ, ಅವಳಿಗೆ ಹೊರಗೆಂಬುದೇ ಇರಲಿಲ್ಲ. ನರ್ಸ್ ಒಮ್ಮೆ ಬಂದವರು ಅವ್ವನನ್ನು ನೋಡುವ ಮುನ್ನ ಅವಳನ್ನು ಕೇಳಿದರು: “ಅಕ್ಕಾ, ನೀವು ಪೂರ್ತಿ ರಾತ್ರಿ ಮಲಗಿ ಎಷ್ಟು ದಿನವಾಯಿತು?” ನನ್ನ ಹೆಂಡತಿ ಉತ್ತರ ಕೊಡಲು ಹೋಗಿ ಅತ್ತಳು. ಅದೇ ವಾರ ವೈನಿ ಊರಿನಿಂದ ಬಂ­ದಳು, ನನ್ನ ಹೆಂಡತಿ ಹತ್ತು ದಿನ ತವರಿಗೆ ಹೋದಳು. ಅದನ್ನು ನಾನೇ ಮೊದಲೇ ಮಾಡಬೇಕಿತ್ತು.

ಶ್ರಾವಣದಲ್ಲಿ ಅವ್ವ ನುಂಗುವುದನ್ನು ಬಿಟ್ಟಳು. ಮುಂದೆ ಏನೇನಾಗಬಹುದೆಂದು ತಂಡದವರು ನಮಗೆ ಮೊದಲೇ ಹೇಳಿದ್ದರು: ನಿದ್ದೆ ಹೆಚ್ಚಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ಗಂಟಲಿನಲ್ಲಿ ಗೊರಗೊರ ಸದ್ದು ಬರುತ್ತದೆ, ಆ ಸದ್ದು ಕೇಳುವವರಿಗೆ ಕಷ್ಟವೇ ಹೊರತು ಅವರಿಗೆ ಗೊತ್ತಾಗುವುದಿಲ್ಲ. ಮಾರ್ಫಿನ್ನಿಗೆ ತೋಳಿನ ಚರ್ಮದ ಕೆಳಗೆ ಸಣ್ಣ ಸೂಜಿ ಇಟ್ಟು ಹೋದರು. ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದೆವು. ಮೂರನೆಯ ದಿನ ಬೆಳಗಿನ ಜಾವ, ನನ್ನ ಮಗಳು ಫ್ಯಾನು ಹಿಡಿದುಕೊಂಡಿದ್ದಾಗ, ಒಂದು ಉಸಿರು ಹೊರಗೆ ಬಂತು, ಮುಂದಿನದು ಬರಲಿಲ್ಲ. ಕೈಗಳು ಬಿಡಿಯಾಗಿದ್ದವು, ಹೊದಿಕೆಯ ಮೇಲೆ. ವೈದ್ಯೆ ಬಂದು ಮರಣ ಕಾರಣದ ಪ್ರಮಾಣಪತ್ರ ಬರೆದುಕೊಟ್ಟರು. ಅದನ್ನು ಇಪ್ಪತ್ತೊಂದು ದಿನದೊಳಗೆ ಪಾಲಿಕೆಯಲ್ಲಿ ನೋಂದಾಯಿಸಬೇಕು. ಹೊಲದಲ್ಲಿ, ಅಪ್ಪನ ಪಕ್ಕ ಮಣ್ಣು ಮಾಡಿದೆವು.

ಕಾರ್ಯ ಮುಗಿದ ಮೇಲೆ ಸ್ಟೀಲ್ ಡಬ್ಬಿ ಹಿಡಿದು ತಂಡದವರ ಬಳಿ ಹೋದೆ. ಹನ್ನೊಂದು ಮಾತ್ರೆ, ಕಾಲು ಭಾಗದ ಮೂರು ತುಂಡು ಉಳಿದಿದ್ದವು. ನರ್ಸ್ ಎಣಿಸಿ, ರಿಜಿಸ್ಟರಿನಲ್ಲಿ ಬರೆದು, ನನ್ನ ಸಹಿ ಹಾಕಿಸಿಕೊಂಡರು. ಆಕ್ಸಿಜನ್ ಯಂತ್ರ ಅವರದೇ, ಎರವಲು ಕೊಟ್ಟಿದ್ದು. ಸೇಡಂ ರಸ್ತೆಯ ಕಡೆ ಒಬ್ಬ ಹಿರಿಯರಿಗೆ ಅಂದೇ ಬೇಕಾಗಿತ್ತು. ನಾನೇ ಮುಟ್ಟಿಸುತ್ತೇನೆ ಎಂದೆ. ಟವೆಲ್ ಗೌನು, ಬಚ್ಚಲ ಕುರ್ಚಿಯನ್ನೂ ಆಟೋದಲ್ಲಿ ಹಾಕಿಕೊಂಡೆ. ಯಂತ್ರದ ಹಿಂದಿನ ಜಾಳಿಗೆಯನ್ನು ವಾರಕ್ಕೊಮ್ಮೆ ತೊಳೆದು ಒಣಗಿಸಬೇಕೆಂದು ಆ ಮನೆಯ ತಾಯಿಗೆ ತೋರಿಸಿದೆ. ಗುಂಡಿಯ ಮೇಲೆ ಎರಡು ಲೀಟರಿಗೆ ಪೆನ್ನಿನಿಂದ ಗೆರೆ ಎಳೆದು, ಫೋನ್ ಮಾಡದೆ ಇದನ್ನು ಮುಟ್ಟಬೇಡಿ ಎಂದು ಎರಡು ಸಲ ಹೇಳಿದೆ. ಆಮೇಲೆ ಕೊಳವೆ ಹಿಡಿದುಕೊಂಡು ಬಚ್ಚಲ ತನಕ ನಡೆದೆ. ಒಂದು ಮೊಳ ಕಡಿಮೆ ಬಿತ್ತು. ಅದೇ ಆಟೋದಲ್ಲಿ ಸೂಪರ್ ಮಾರ್ಕೆಟ್ ಎಂಬ ಬಜಾರಿಗೆ ಹೋಗಿ ಉದ್ದದ ಕೊಳವೆ ತಂದು ಕೊಟ್ಟು ಮನೆಗೆ ಬಂದೆ.